ಕ್ರಾಂಜಿಯಿಂದ ಬಾರ್ಕೂರಿಗೆ

ಸಿಂಗಾಪುರದವರೆಗೆ ಹೋಗಿ ಯಾರಾದರೂ ಸ್ಮಶಾನ ನೋಡುತ್ತಾರೆಯೇ ಎಂದು ಅಕ್ಕ ಗೊಣಗಿದಳು. ಅವಳ ಮಗಳು ಮಾತ್ರ ನನ್ನ ಜೊತೆ ಹೊರಟೇಬಿಟ್ಟಳು. ಹದಿನೈದರ ಹುಡುಗಿ; ಕುಂದಾಪುರದ ಶಾಲೆಯ ಯಕ್ಷಗಾನದಲ್ಲಿ ಅವಳೇ ಅಭಿಮನ್ಯು.

ದ್ವೀಪದ ಉತ್ತರದಲ್ಲಿ ಕ್ರಾಂಜಿ, ಯುದ್ಧದಲ್ಲಿ ಮಡಿದವರ ಸ್ಮಶಾನ. ಗೇಟು ದಾಟಿದರೆ ಹುಲ್ಲಿನ ಇಳಿಜಾರು, ಅದರ ತುಂಬ ಬಿಳಿ ಕಲ್ಲುಗಳು. 4,400ಕ್ಕೂ ಹೆಚ್ಚು ಸಮಾಧಿಗಳು. ಅವುಗಳಲ್ಲಿ 850ಕ್ಕೂ ಹೆಚ್ಚು, ಗುರುತೇ ಸಿಗದವರವು. ಅಧಿಕಾರಿಗೂ ಸಾದಾ ಸಿಪಾಯಿಗೂ ಒಂದೇ ಅಳತೆಯ ಕಲ್ಲು.

"ಮಾವ, ಇವ ಹತ್ತೊಂಬತ್ತ್. ಇವ ಇಪ್ಪತ್ತ್. ಇವ್ನೂ ಹತ್ತೊಂಬತ್ತೇ!"

ಅವಳು ಓದುತ್ತಿದ್ದದ್ದು ಹೆಸರನ್ನಲ್ಲ, ವಯಸ್ಸನ್ನು. ಆಮೇಲೆ ನಾನೂ ಅದನ್ನೇ ಓದತೊಡಗಿದೆ.

ಗುಡ್ಡದ ನೆತ್ತಿಯಲ್ಲಿ ಸ್ಮಾರಕ. ವಿಮಾನದ ರೆಕ್ಕೆಯ ಹಾಗೆ ಚಾಚಿದ ಚಾವಣಿ, ಕೆಳಗೆ ಕಂಬಗಳ ಸಾಲು, ಮೈತುಂಬ ಹೆಸರು. 24,000ಕ್ಕೂ ಹೆಚ್ಚು. ಸಮಾಧಿಯೇ ಇಲ್ಲದವರ ಪಟ್ಟಿ ಇದು. ಕತ್ತೆತ್ತಿ ನೋಡುತ್ತ ಹೋದರೆ ಅದು ಮುಗಿಯುವುದೇ ಇಲ್ಲ. ದಹನವಾದವರಿಗೆ ಸಮಾಧಿ ಎಲ್ಲಿಂದ ಬರಬೇಕು? ಅವರಿಗೆಂದು ಹಿಂಬದಿಯಲ್ಲಿ ಬೇರೆಯೇ ಸ್ಮಾರಕವಿದೆ. ಅಲ್ಲಿರುವ ಸುಮಾರು 800 ಮಂದಿಯಲ್ಲಿ ಹೆಚ್ಚಿನವರು ಭಾರತದ ಸೈನಿಕರು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ಕೈಸೇರಿತಲ್ಲ, ಆ ಸಮರದಲ್ಲಿ ಮೈಸೂರು ಸಂಸ್ಥಾನದ ಒಂದು ಪಟಾಲಮ್ಮೂ ಇತ್ತು. ನಾವು ಕುಂದಾಪುರದವರು ಆಗ ಮದ್ರಾಸು ಪ್ರಾಂತ್ಯದವರು, ಮೈಸೂರೆಂದರೆ ಘಟ್ಟದ ಮೇಲಿನ ಬೇರೆ ಸೀಮೆ. ಆದರೂ ಅಲ್ಲಿ ನಿಂತು ಅವಳಿಗೆ ಹೇಳುವಾಗ "ನಮ್ಮವರು" ಎಂದೇ ಬಾಯಿಗೆ ಬಂತು.

"ನಮ್ಮೂರಂಗೆ ಇಂಥದ್ದ್ ಇಲ್ಯಾ?"

"ಇತ್ತ್. ತೋರ್ಸ್ತೆ."

ಊರಿಗೆ ಮರಳಿದ ಮೇಲೆ ಹೊರಟೆವು. ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಬಾರ್ಕೂರು. ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ, ವಿಜಯನಗರದ ಕಾಲಕ್ಕೆ ಬಾರ್ಕೂರು ರಾಜ್ಯದ ಕೇಂದ್ರ. ಅಲ್ಲಿನ ಒಂದು ವೀರಗಲ್ಲಿನ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಹೇಳಿಕೊಟ್ಟೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೊರಟಿದ್ದಾರೆ. ಮೇಲೆ ಶಿವಲಿಂಗ, ಅದರ ಆಚೀಚೆ ಸೂರ್ಯ ಚಂದ್ರ. ಸಾಯುವ ಗಳಿಗೆಯಿಂದ ಕೈಲಾಸದವರೆಗಿನ ದಾರಿಯನ್ನು ಆಳೆತ್ತರವೂ ಇಲ್ಲದ ಕಲ್ಲಿನಲ್ಲಿ ಮುಗಿಸಿದ್ದಾನೆ ಶಿಲ್ಪಿ! ಹುಡುಗಿಯ ಕಣ್ಣು ಮಾತ್ರ ಕೆಳಗಿನ ಪಟ್ಟಿಕೆಯಲ್ಲೇ ನಿಂತಿತ್ತು. "ಕಾಲ್ ಕಾಣಿ ಮಾವ, ಮಂಡಿ ಹಾಕೂಕೆ ಹೊರ್ಟಾಂಗಿತ್ತ್" ಎಂದಳು. ಇಷ್ಟು ವರ್ಷ ವೀರಗಲ್ಲು ನೋಡಿದ ನನಗೆ ಆ ಕಾಲುಗಳಲ್ಲಿ ಕುಣಿತ ಕಂಡಿರಲೇ ಇಲ್ಲ.

ಅಷ್ಟಕ್ಕೇ ಬಿಡುವವಳಲ್ಲ ಅವಳು, ಹೆಸರಿರುವ ಕಲ್ಲು ಬೇಕೆಂದಳು. ಉಡುಪಿ ದಾಟಿ ಉದ್ಯಾವರಕ್ಕೆ ಹೋದೆವು. ಇಂದು ಹೆದ್ದಾರಿಯ ಬಸ್ಸುಗಳು ಭರ್ರನೆ ಹಾದುಹೋಗುವ ಈ ಊರು ಶಾಸನಗಳ ಉದಯಪುರ. ಎಂಟನೆಯ ಶತಮಾನದ ಸುಮಾರಿಗೆ ರಣಸಾಗರ, ಶ್ವೇತವಾಹನ ಮೊದಲಾದ ಆಳುಪ ಅರಸರು ಇದಕ್ಕಾಗಿ ತಮ್ಮತಮ್ಮಲ್ಲೇ ಕಾದಾಡಿದರು. ಯಾರ ಕಡೆಯವನು ಊರು ಹೊಕ್ಕು ಕಾದಿ ಸತ್ತ ಎಂಬುದನ್ನು ಇಲ್ಲಿನ ವೀರಗಲ್ಲುಗಳ ಮೇಲಿನ ಹಳಗನ್ನಡದ ಕೆಲವೇ ಸಾಲುಗಳು ಹೇಳುತ್ತವೆ.

"ಒಂದೇ ಮನೆಯೋರಾ? ಹಂಗಾರೆ ಕುರುಕ್ಷೇತ್ರವೇ!"

ವಿದ್ವಾಂಸರು ಓದಿಟ್ಟ ಪಾಠ ಹಿಡಿದು ಒಂದೊಂದೇ ಪದ ಬಿಡಿಸಿ ಹೇಳಿದೆ. ದೊರೆಯ ಹೆಸರು ಮೊದಲು, ಸತ್ತವನದು ಆಮೇಲೆ. ವಯಸ್ಸು ಬರೆದಿಲ್ಲ. ಅವಳು ಕೇಳುತ್ತಿದ್ದದ್ದು ಅದೊಂದನ್ನೇ.