ನ್ಯೂಜೆರ್ಸಿಯಿಂದ ರಾವಂದೂರಿನ ತಮ್ಮನಿಗೆ

ಎಡಿಸನ್, ನ್ಯೂಜೆರ್ಸಿ



ಅವ್ವನ ಮಂಡಿನೋವು ಹೇಗಿದೆ, ಈ ಸಲ ಹೊಗೆಸೊಪ್ಪಿಗೆ ಹರಾಜಿನಲ್ಲಿ ಎಷ್ಟು ಸಿಕ್ಕಿತು, ತಿಳಿಸು. ರಾವಂದೂರಿನಲ್ಲಿ ಸ್ಯಾಂಡ್‌ವಿಚ್ ಅಂಗಡಿ ಇಡುತ್ತೇನೆ ಅಂತ ನೀನು ಹೇಳಿದಾಗಿನಿಂದ ನನಗೂ ಅದೇ ಯೋಚನೆ. ಅದಕ್ಕೇ ಮಗಳನ್ನು ಕರೆದುಕೊಂಡು ಇಲ್ಲಿನ ಹೆಸರಾಂತ ಸಬ್ ಅಂಗಡಿಗಳಿಗೆ ಹೋಗಿ, ತಿಂದು, ನಿಂತು ನೋಡಿ ಬಂದೆ. ಉದ್ದನೆಯ ಬ್ರೆಡ್ಡು ಸೀಳಿ ಮಾಂಸ, ಚೀಸ್, ತರಕಾರಿ ತುಂಬುವುದು ಎಲ್ಲ ಕಡೆಯೂ ಒಂದೇ. ಮಾಡುವ ರೀತಿಯಲ್ಲಿ ಮಾತ್ರ ಬಹಳ ವ್ಯತ್ಯಾಸವಿದೆ.

ನೀನು ಬೆಂಗಳೂರಿನಲ್ಲಿ ತಿಂದಿದ್ದೆಯಲ್ಲ, ಆ ಸಬ್‌ವೇ ಇಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನಲ್ಲಿ 1965ರಲ್ಲಿ ಶುರುವಾದದ್ದು. 17 ವರ್ಷದ ಫ್ರೆಡ್ ಡೆಲೂಕಾ ಕಾಲೇಜು ಫೀಸಿಗೆಂದು ಮನೆಯವರ ಸ್ನೇಹಿತ ಪೀಟರ್ ಬಕ್ ಅವರಿಂದ 1,000 ಡಾಲರ್ ಸಾಲ ಪಡೆದು ತೆರೆದ ಅಂಗಡಿ ಈಗ 100ಕ್ಕೂ ಹೆಚ್ಚು ದೇಶಗಳಲ್ಲಿದೆ. ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಇದು ಬೇಕು, ಅದು ಬೇಡ ಎಂದು ಗಿರಾಕಿಯೇ ಬೆರಳು ತೋರಿಸಿ ಹಾಕಿಸಿಕೊಳ್ಳುವ ಪದ್ಧತಿ ಅವರ ದೊಡ್ಡ ಬಲ. ಬ್ರೆಡ್ಡನ್ನು ಅಂಗಡಿಯಲ್ಲೇ ಬೇಯಿಸಿದರೂ ಹಿಟ್ಟು ಹೊರಗಿನಿಂದ ಹೆಪ್ಪುಗಟ್ಟಿದ ರೂಪದಲ್ಲಿ ಬರುತ್ತದೆ. ನನ್ನ ನಾಲಿಗೆಗೆ ಅದು ಸಿಹಿ ಅನ್ನಿಸಿತು. ಐರ್ಲೆಂಡಿನ ಸುಪ್ರೀಂ ಕೋರ್ಟ್ 2020ರಲ್ಲಿ, ಅವರ ಬ್ರೆಡ್ಡಿನಲ್ಲಿ ಹಿಟ್ಟಿನ ತೂಕದ ಶೇ. 10ರಷ್ಟು ಸಕ್ಕರೆ ಇರುವುದರಿಂದ ಬ್ರೆಡ್ಡಿಗೆ ಸಿಗುವ ತೆರಿಗೆ ವಿನಾಯಿತಿ ಅದಕ್ಕಿಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲಿನ ಕಾನೂನಿನ ಮಿತಿ ಶೇ. 2 ಮಾತ್ರ.

ಜಿಮ್ಮಿ ಜಾನ್ಸ್ ಎಂಬುದು ಇಲಿನಾಯ್ ರಾಜ್ಯದ ಚಾರ್ಲ್ಸ್‌ಟನ್ನಿನಲ್ಲಿ 1983ರಲ್ಲಿ ಹುಟ್ಟಿತು. ಜಿಮ್ಮಿ ಜಾನ್ ಲಿಯೊಟೊ ಎಂಬ 19ರ ಹುಡುಗ ತಂದೆಯ ಹತ್ತಿರ ಸಾಲ ಮಾಡಿ, ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ಸ್ಯಾಂಡ್‌ವಿಚ್ ತಲುಪಿಸುತ್ತ ಬೆಳೆದ. ಅವರ ಅಂಗಡಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪೊಟ್ಟಣ ಕೈಗೆ ಬರುತ್ತದೆ. ಹಿಂದಿನ ದಿನದ ಬ್ರೆಡ್ಡನ್ನು ಸ್ಯಾಂಡ್‌ವಿಚ್ಚಿಗೆ ಬಳಸದೆ ಬೇರೆಯಾಗಿ ಕಡಿಮೆ ಬೆಲೆಗೆ ಮಾರುತ್ತಾರೆ. ಆ ಶಿಸ್ತು ನನಗೆ ತುಂಬಾ ಹಿಡಿಸಿತು.

ರುಚಿಯಲ್ಲಿ ನನ್ನ ಮನಸ್ಸು ಗೆದ್ದದ್ದು ಜರ್ಸಿ ಮೈಕ್ಸ್. ಇದು ಇದೇ ರಾಜ್ಯದ ಸಮುದ್ರ ದಂಡೆಯ ಪಾಯಿಂಟ್ ಪ್ಲೆಸೆಂಟ್‌ನಲ್ಲಿ 1956ರಲ್ಲಿ ಪ್ರಾರಂಭವಾಯಿತು. ಅಲ್ಲಿ ಕೆಲಸಕ್ಕಿದ್ದ ಪೀಟರ್ ಕ್ಯಾನ್‌ಕ್ರೊ 1975ರಲ್ಲಿ, 17ನೇ ವಯಸ್ಸಿಗೇ, ತನ್ನ ಫುಟ್‌ಬಾಲ್ ತರಬೇತುದಾರರಿಂದ ಸಾಲದ ನೆರವು ಪಡೆದು ಅಂಗಡಿಯನ್ನೇ ಕೊಂಡುಕೊಂಡ. ಇವತ್ತಿಗೂ ಅಲ್ಲಿ ನಾವು ಕೇಳಿದ ಮೇಲೆಯೇ ಮಾಂಸ, ಚೀಸನ್ನು ಯಂತ್ರಕ್ಕಿಟ್ಟು ತೆಳ್ಳಗೆ ಕತ್ತರಿಸುತ್ತಾರೆ. ಮೇಲೆ ಈರುಳ್ಳಿ, ಲೆಟ್ಯೂಸ್, ಟೊಮೆಟೊ, ಎಣ್ಣೆ, ವಿನೆಗರ್, ಓರೆಗಾನೊ, ಉಪ್ಪು, ಅಷ್ಟೇ. ನಾನು ಟರ್ಕಿ ಕೋಳಿಯದ್ದು ತಿಂದೆ. ಬ್ರೆಡ್ಡು ಎಣ್ಣೆ, ವಿನೆಗರನ್ನು ಹೀರಿಕೊಂಡು ಮೆತ್ತಗಾಗಿತ್ತು, ಮಾಂಸದ ರುಚಿ ಬೇರೆಯಾಗಿಯೇ ತಿಳಿಯುತ್ತಿತ್ತು. ವರ್ಷಕ್ಕೊಂದು ದಿನದ ಪೂರ್ತಿ ಮಾರಾಟದ ಹಣವನ್ನು ಅವರು ದಾನಕ್ಕೆ ಕೊಡುತ್ತಾರಂತೆ.

ಸಸ್ಯಾಹಾರಿಗಳ ವಿಚಾರದಲ್ಲಿ ಮಾತ್ರ ನಮ್ಮ ದೇಶದ ಸಬ್‌ವೇಯೇ ಮೇಲು. ಆಲೂ ಪ್ಯಾಟಿ, ಪನೀರ್ ಟಿಕ್ಕಾ ಎಂದು ಆಯ್ಕೆ ಇದೆ, ಸಸ್ಯಾಹಾರಕ್ಕೆ ಬೇರೆ ಕೌಂಟರ್ ಇದೆ. ಇಲ್ಲಿ ಕೈಗವಸು ಬದಲಿಸಿ ಎಂದು ನಾವೇ ಕೇಳಬೇಕು.

ಫ್ರಾಂಚೈಸಿ ತೆಗೆದುಕೊಂಡರೆ ಹೇಗೆ ಅಂತ ನೀನು ಕೇಳಿದ್ದೆ. ಅಮೆರಿಕದ ಸಬ್‌ವೇ ಅಂಗಡಿಯವನು ಮಾರಾಟದ ಮೇಲೆ ಶೇ. 8 ರಾಯಲ್ಟಿ, ಶೇ. 4.5 ಜಾಹೀರಾತಿಗೆ ಕಟ್ಟಬೇಕು. ಅಂದರೆ 100 ರೂಪಾಯಿ ವ್ಯಾಪಾರದಲ್ಲಿ ಲಾಭವಿರಲಿ, ನಷ್ಟವಿರಲಿ, 12 ರೂಪಾಯಿ 50 ಪೈಸೆ ಮೊದಲೇ ಹೋಯಿತು. ಪಿರಿಯಾಪಟ್ಟಣ, ಹುಣಸೂರಿಗೆ ಹೋಗಿಬರುವ ಜನರನ್ನೇ ನಂಬಿದ ನಮ್ಮೂರಿನ ಅಂಗಡಿಗೆ ಅದು ಭಾರ.

ಈ ಮೂವರೂ ಗುರುತಿದ್ದವರ ಸಾಲದಿಂದ ಒಂದೇ ಅಂಗಡಿ ಇಟ್ಟುಕೊಂಡು ಮೇಲೆ ಬಂದವರು. ನೀನೂ ಹಾಗೇ ಮಾಡು. ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುವಾಗ ರಾತ್ರಿಯೆಲ್ಲ ಶಾಖ ನೋಡಿಕೊಳ್ಳುವ ನಿನಗೆ ಬ್ರೆಡ್ಡಿನ ಒಲೆಯ ಹದ ಬೇಗ ಒಲಿಯುತ್ತದೆ. ನಾಲ್ಕೇ ಬಗೆ ಇಡು. ಬ್ರೆಡ್ಡು ಅಂದಂದಿನದೇ ಇರಲಿ, ಸಕ್ಕರೆ ಕಡಿಮೆ ಇರಲಿ. ಗಿರಾಕಿಯ ಕಣ್ಣೆದುರಿಗೇ ಕತ್ತರಿಸಿ ಮಾಡಿಕೊಡು. ಸಸ್ಯಾಹಾರಕ್ಕೆ ಚಾಕು, ಹಲಗೆ ಬೇರೆಯೇ ಇಡು. ಮೊದಲ ಬಂಡವಾಳಕ್ಕೆ ನಾನಿದ್ದೇನೆ, ಬಡ್ಡಿಗೆ ಸಾಲ ಮಾಡಬೇಡ.

ಇಂತಿ,
ನಿನ್ನ ಅಕ್ಕ