ಖೇತವಾಡಿಯ ಅಟ್ಟದ ಕೋಣೆ

ನಮ್ಮ ಗಡಿನಾಡಿನಿಂದ ಮುಂಬಯಿಗೆ ಹೋದವರು ಹೊಟ್ಟೆಪಾಡಿಗಾಗಿ ಹೋದವರು. ಹೋಟೆಲಿನ ಗಲ್ಲಾ, ರಾತ್ರಿಶಾಲೆ, ತಿಂಗಳ ಮನಿಯಾರ್ಡರು: ಅವರ ಮುಂಬಯಿ ಇಷ್ಟೇ ಎಂದು ಊರಿನಲ್ಲಿ ತಿಳಿದಿದ್ದೆವು. ಅದೇ ನಗರಕ್ಕೆ ಬೇರೊಂದು ಹಸಿವಿನವರೂ ಬರುತ್ತಿದ್ದರೆಂದು ನನಗೆ ಗೊತ್ತಾದದ್ದು ಸೋದರಮಾವನಿಂದ. ಗಿರಗಾಂವಿನ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಮಾವ, ರಜೆ ಸಿಕ್ಕಿದರೆ ಗಣೇಶಪುರಿಗೆ, ಬಿಡುವಾದರೆ ಖೇತವಾಡಿಗೆ ಹೋಗುತ್ತಿದ್ದರು.

ಆ ಗಿರಗಾಂವಿನದು ಹಳೆಯ ಕಥೆ. 1879ರಲ್ಲಿ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಹಡಗಿನಿಂದಿಳಿದು ಮನೆ ಹಿಡಿದದ್ದು ಅಲ್ಲಿಯೇ. ಥಿಯಾಸಫಿಯವರ ಪತ್ರಿಕೆ ಆ ವರ್ಷವೇ ಮುಂಬಯಿಯಲ್ಲಿ ಆರಂಭವಾಯಿತು. 1882ರ ಕೊನೆಗೆ ಅವರು ಮದರಾಸಿನ ಅಡ್ಯಾರಿಗೆ ಹೊರಟುಹೋದರು. ಆದರೆ ಮುಂಬಯಿಯ ಹುಡುಕಾಟ ನಿಲ್ಲಲಿಲ್ಲ. 1970ರಿಂದ 1974ರವರೆಗೆ ರಜನೀಶರು ಅಲ್ಲಿಯೇ ನೆಲೆಸಿ, ಆಮೇಲೆ ಪುಣೆಗೆ ಹೋದರು.

ಈ ಕಥೆಯಲ್ಲಿ ನಮ್ಮ ಊರುಗಳೂ ಸೇರಿಕೊಂಡಿವೆ. ಹೊಸದುರ್ಗದಲ್ಲಿ ಹುಟ್ಟಿದ ವಿಠಲರಾವ್ ಮುಂಬಯಿಯಲ್ಲಿ ನೇಯ್ಗೆಯ ತಾಂತ್ರಿಕ ವಿದ್ಯೆ ಕಲಿತವರು. 1922ರಲ್ಲಿ ಹೆಂಡತಿ, ಮಗಳನ್ನು ಬಿಟ್ಟು ಹೊರಟು ಸ್ವಾಮಿ ರಾಮದಾಸರಾದರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿದರು. ಅದೇ ಕಾಞಂಗಾಡಿನ ಬಂಡೆಯಲ್ಲಿ ಗುಹೆಗಳನ್ನು ಕೊರೆಸಿದ ನಿತ್ಯಾನಂದರು ಮುಂದೆ ಮುಂಬಯಿ ಸಮೀಪದ ಗಣೇಶಪುರಿಯಲ್ಲಿ ನೆಲೆನಿಂತು, 1961ರಲ್ಲಿ ಸಮಾಧಿಸ್ಥರಾದರು.

ಖೇತವಾಡಿಯಲ್ಲಿದ್ದವರು ನಿಸರ್ಗದತ್ತ ಮಹಾರಾಜರು. ಬೀಡಿ ಮಾರಿ ಸಂಸಾರ ಸಾಕಿದವರು. ಅವರ ಗುರು ಸಿದ್ಧರಾಮೇಶ್ವರರು. ಆ ಗುರುವಿನ ಗುರು ಇಂಚಗೇರಿಯ ಭಾವೂಸಾಹೇಬರು. ಹೀಗೆ ವಿಜಾಪುರ ಸೀಮೆಯ ಕನ್ನಡದ ನೆಲದಿಂದ ಹೊರಟ ಪರಂಪರೆ ಮುಂಬಯಿಯ ಗಲ್ಲಿಯ ಅಟ್ಟದ ಮೇಲೆ ಮರಾಠಿಯಲ್ಲಿ ಮಾತಾಡುತ್ತಿತ್ತು. ಅದನ್ನು ಇಂಗ್ಲಿಷಿಗೆ ತಂದು 1973ರಲ್ಲಿ 'ಐ ಆಮ್ ದಟ್' ಎಂಬ ಹೆಸರಿನಲ್ಲಿ ಪ್ರಕಟಿಸಿದವರು ಪೋಲೆಂಡಿನ ಇಂಜಿನಿಯರ್ ಮಾರಿಸ್ ಫ್ರಿಡ್‌ಮನ್. ಅವರು ಹಿಂದೆ ಸಂನ್ಯಾಸ ಪಡೆದಿದ್ದುದು ನಮ್ಮ ರಾಮದಾಸರಿಂದಲೇ! ಪುಸ್ತಕ ಬಂದ ಮೇಲೆ ಆ ಸಣ್ಣ ಕೋಣೆಗೆ ಪರದೇಶದವರ ಸಾಲು ಹತ್ತಿತು.

ಇತ್ತ ಊರಿನಲ್ಲಿ ಅತ್ತೆಗೆ ಭಯ. ಮಾವನ ಕಾಗದಗಳಲ್ಲಿ ಮಕ್ಕಳ ವಿಚಾರ ಕಡಿಮೆಯಾಗಿ 'ನಾನು ಯಾರು' ಎಂಬುದೇ ಹೆಚ್ಚಾಗಿತ್ತು. ಅಜ್ಜಿಯ ಮದ್ದು, ತೋಟದ ಆಳುಗಳ ಕೂಲಿ ಎಲ್ಲವೂ ಅವರ ತಲೆಯ ಮೇಲೆ. ರಜೆಯಲ್ಲಿ ಬಂದ ಮಾವನೊಡನೆ ಅವರು ಅಂದದ್ದು ನನಗೆ ನೆನಪಿದೆ: "ರಾಮದಾಸರು ಮನೆ ಬಿಟ್ಟರೆ ಆಶ್ರಮವಾಯಿತು. ನೀವು ಬಿಟ್ಟರೆ ಈ ಅಡಕೆಯನ್ನು ಒಣಗಿಸುವವರು ಯಾರು?"

ಮಾವ ವಾದಿಸಲಿಲ್ಲ. 1978ರಲ್ಲಿ ಅತ್ತೆಯನ್ನೇ ಕರೆದುಕೊಂಡು ಹೋಗಿ ಆ ಅಟ್ಟ ಹತ್ತಿಸಿದರು. ಅತ್ತೆಗೆ ಮರಾಠಿ ತಿಳಿಯದು. ಮಾವನೇ ಕಥೆ ಹೇಳಿದರಂತೆ: ಗುರು ತೀರಿಕೊಂಡ ಮರುವರ್ಷ, 1937ರಲ್ಲಿ, ಈ ಮಹಾರಾಜರೂ ಎಲ್ಲ ಬಿಟ್ಟು ನಡೆದುಬಿಟ್ಟಿದ್ದರು, 1938ರಲ್ಲಿ ತಿರುಗಿ ಬಂದು ಮತ್ತೆ ಸಂಸಾರದ ಜೊತೆಗೇ ನಿಂತರು. ಊರಿಗೆ ಬಂದ ಅತ್ತೆ ನಮಗೆ ವೇದಾಂತವೇನೂ ಹೇಳಲಿಲ್ಲ. "ಮಾತಾಡುತ್ತ ಬೀಡಿ ಸೇದುತ್ತಾರೆ, ಗದರುತ್ತಾರೆ. ನಮ್ಮಂಥ ಮನೆಯವರೇ" ಎಂದರು.

ಮಹಾರಾಜರು 1981ರಲ್ಲಿ ತೀರಿಕೊಂಡರು. ಮಾವ ಕೆಲಸ ಮುಗಿಸಿ ಊರಿಗೆ ಬಂದರು. ಹುಡುಕಿದವರ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ಅವರು ಹುಡುಕಲು ಹೋದಾಗ ಮನೆಯ ದೀಪ ಆರದಂತೆ ನೋಡಿಕೊಂಡವರಿಗೂ ಅದರಲ್ಲಿ ಒಂದು ಪುಟ ಸಲ್ಲಬೇಕು. ಮುಂಬಯಿಯಿಂದ ಬಂದ ಮೇಲೆ ಮಾವ ದಿನಾ ಮುಂಜಾನೆ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಿದ್ದರು. ಬಿಸಿಲೇರುವ ಮೊದಲು ಎದ್ದು ಅಂಗಳದಲ್ಲಿ ಅಡಕೆ ಹರಡುತ್ತಿದ್ದರು.