ಯಾವ ಗಾಡಿದ್ರಿ?

ರಾಯಚೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಮೊದಲು ಕೇಳುವುದು ಒಂದೇ ಮಾತು: ‘ಯಾವ ಗಾಡಿದ್ರಿ?’ ಮಾನ್ವಿಯ ನಮ್ಮ ಸೋದರಮಾವನಿಗೆ ಅಷ್ಟಕ್ಕೇ ಉತ್ತರ ತೋಚುತ್ತಿರಲಿಲ್ಲ. ಹರಾಜಿನಲ್ಲಿ ಹಿಡಿದ ಮಹೀಂದ್ರ ಜೀಪಿನ ಚಾಸಿಸ್, ಇನ್ನೊಂದು ಗಾಡಿಯಿಂದ ಇಳಿಸಿದ ಡೀಸೆಲ್ ಎಂಜಿನ್, ಯಾವುದೋ ಟೆಂಪೊದ ರೇಡಿಯೇಟರ್, ಗುಜರಿಯ ಬಸ್ ಸೀಟು. ‘ಕ್ಲಚ್ ಕೇಳ್ತೀರೋ, ಬ್ರೇಕ್ ಕೇಳ್ತೀರೋ? ಅದರ ಮ್ಯಾಲ ಹೇಳ್ತೀನ್ರಿ’ ಎನ್ನುತ್ತಿದ್ದ.

ಆ ಎಂಜಿನ್ ಎಳೆಯಲು ಗಟ್ಟಿ, ಓಡಲು ಸೋಮಾರಿ. ಮದುವೆಗೆ ಹೊರಟರೆ ಅಕ್ಷತೆ ತಪ್ಪಿಸಿಕೊಂಡು ಊಟಕ್ಕೆ ಮುಟ್ಟುತ್ತಿದ್ದೆವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅದು ಕುದಿಯದೆ ಬಿಟ್ಟೀತೆ? ಫ್ಯಾನು ರೇಡಿಯೇಟರ್ ಮೂಲಕ ಎಳೆಯಬೇಕಾದ ಗಾಳಿಯನ್ನು ಪಕ್ಕದ ಸಂದಿಯಿಂದ ಎಳೆಯುತ್ತಿದೆ ಎಂದು ಮಾವ ಪತ್ತೆ ಹಚ್ಚಿದ. ಶೇಂಗಾ ಎಣ್ಣೆಯ ಡಬ್ಬಿ ಕತ್ತರಿಸಿ ಫ್ಯಾನಿನ ಸುತ್ತ ಬಳೆ ಕಟ್ಟಿದ. ಕುದಿಯುವುದು ನಿಂತಿತು. ಏರು ಹತ್ತುವಾಗ ಮಾತ್ರ ಜೀಪಿನೊಳಗೆಲ್ಲ ಮಿರ್ಚಿ ಭಜಿಯ ವಾಸನೆ.

ಇನ್ನೊಮ್ಮೆ ದೇವದುರ್ಗಕ್ಕೆ ಹೋಗುವಾಗ ಗಬ್ಬೂರಿನ ಹತ್ತಿರ ಎಂಜಿನ್ ಬಿಕ್ಕಿ ಬಿಕ್ಕಿ ನಿಂತಿತು. ‘ಏರ್ ಹಿಡದದ’ ಎಂದ ಮಾವ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಡೀಸೆಲ್ ಹೀರುತ್ತದೆ; ಅಲ್ಲಿ ಜಾಯಿಂಟು ಸಡಿಲಾದರೆ ಓಡುವಾಗ ಹನಿ ಹೊರಗೆ ಬೀಳುವುದಿಲ್ಲ, ಗಾಳಿ ಒಳಗೆ ಹೊಗುತ್ತದೆ. ಮಾವ ಒಂದೊಂದೇ ಜಾಯಿಂಟಿಗೆ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿಸಿದ. ಯಾವುದಕ್ಕೆ ಮೆತ್ತಿದಾಗ ಬಿಕ್ಕು ನಿಂತಿತೋ ಅಲ್ಲಿಯ ತಾಮ್ರದ ವಾಷರ್ ಬಿಚ್ಚಿ, ಚಹಾ ಹೋಟೆಲಿನ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದ. ಕಾದ ತಾಮ್ರ ಮೆತ್ತಗಾಗಿ ಮತ್ತೆ ಒತ್ತಿ ಕೂರುತ್ತದೆ. ಹೋಟೆಲಿನವರು ಚಹಾದ ರೊಕ್ಕ ಮಾತ್ರ ತೆಗೆದುಕೊಂಡರು.

ಇಂಥ ಗಾಡಿ ಕಂಡು ನಾವು ನಕ್ಕರೆ ಮಾವ ರಾಯಚೂರು ಕೋಟೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲಿದೆ, ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಹೊತ್ತು ತಂದ ಬಂಡಿಯ ಚಿತ್ರವನ್ನೂ ಕೊರೆದಿದ್ದಾರೆ: ಮುಂದೆ ಕೋಣಗಳ ಸಾಲು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟ ಆಳುಗಳು. ‘ನೋಡ್ರಲೇ, ಇದೂ ಕಂಪನಿ ಗಾಡಿ ಅಲ್ಲ. ಆದ್ರ ದೂಡಿದ ಮಂದೀನ್ನ ಮರೀದಂಗ ಕೆತ್ಯಾರ. ಈಗಿನ ಜಾಹೀರಾತಿನ್ಯಾಗ ಯಾರರ ದೂಡೋರ್ನ ತೋರಸ್ತಾರೇನು?’

ಮೂಲ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಸುದ್ದಿ ಓದಿ ಮಾವನಿಗೆ ಹೇಳಿದೆ. ‘ಮೂಲ ತಯಾರಕ ನಾನಽ ಅಲ್ಲೇನು?’ ಎಂದು ಕೇಳಿದ. ಅಷ್ಟು ಹೊತ್ತಿಗೆ ಜೀಪು ದನದ ಕೊಟ್ಟಿಗೆ ಸೇರಿ ವರ್ಷಗಳಾಗಿದ್ದವು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.

ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮಾವನಿಗೆ ಈಗ ಕಿವಿ ಮಂದ. ಮೊನ್ನೆ ನನ್ನ ಹೊಸ ಕಾರು ಸರ್ವಿಸ್ ಮುಗಿಸಿ ಬಂದಾಗ ಜೋರಾಗಿ ಕೇಳಿದ: ‘ಏನಾಗಿತ್ತಪಾ ಅದಕ್ಕ?’

‘ಕಂಪ್ಯೂಟರ್ ಹಚ್ಚಿ ನೋಡಿದ್ರು ಮಾವ. ಏನೋ ಬದಲು ಮಾಡಿ ಕೊಟ್ರು.’

‘ಅದಲ್ಲೋ, ಆಗಿದ್ದೇನು?’

ಕಾರು ಸರಿಹೋದದ್ದೇ ನನಗೆ ಸಾಕಾಗಿತ್ತು. ಅದು ಯಾಕೆ ಕೆಟ್ಟಿತ್ತೆಂದು ತಿಳಿಯದೆ ಮಾವನಿಗೆ ಅಂದು ಊಟ ಸೇರಲಿಲ್ಲ.